ದಂಡಸಂಹಿತೆಯೂ ಜನಹಿತವೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ವಿಚಾರಗಳು)

ಕಾನೂನೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಳ್ಳಿಯ ಜನರ ಕಣ್ಣ ಮುಂದೆ ನಿಲ್ಲುವ ಚಿತ್ರ ಒಂದೇ: ಪೋಲೀಸಿನವರ ಲಾಠಿ, ಕೈಕೋಳ, ಕೋರ್ಟಿನ ಮೆಟ್ಟಿಲು, ವಕೀಲರ ಫೀಸು. ದಂಡಸಂಹಿತೆಯೆಂಬುದು ಕಳ್ಳಕಾಕರಿಗೆ ಸಂಬಂಧಪಟ್ಟ ಗ್ರಂಥ. ಕದಿಯದೆ, ಕೊಲ್ಲದೆ, ತನ್ನ ಪಾಡಿಗೆ ತಾನು ದುಡಿದು ಉಣ್ಣುವವನಿಗೆ ಅದರಿಂದ ಆಗಬೇಕಾದುದು ಏನೂ ಇಲ್ಲ ಎಂಬುದು ನಮ್ಮವರ ನಂಬಿಕೆ. ಮೂರು ವರ್ಷಗಳ ಹಿಂದೆ ಈ ಕಾಲೇಜಿನ ಹೊಸ್ತಿಲನ್ನು ದಾಟಿದಾಗ ನನ್ನ ನಂಬಿಕೆಯೂ ಅದೇ ಆಗಿತ್ತು. ರಾಜ್ಯಶಾಸ್ತ್ರದ ಪಾಠಗಳೂ, ನಮ್ಮೂರಿನಲ್ಲಿ ನಡೆದ ಒಂದು ಸಂಗತಿಯೂ ಸೇರಿ ಆ ನಂಬಿಕೆಯನ್ನು ಅಲುಗಿಸಿದುವು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಎರಡು ಮಾತು. ಮೊದಲನೆಯದು, ರಾಷ್ಟ್ರದ ದಂಡಸಂಹಿತೆಯು ಬಡವನ ಪಾಲಿನ ಒಂದು ದೊಡ್ಡ ಆಸರೆ. ಎರಡನೆಯದು, ಆ ಆಸರೆಯ ತಕ್ಕಡಿಯಲ್ಲಿ ಇಂದಿಗೂ ತೂಕದ ತಪ್ಪಿದೆ. ಅದನ್ನು ತಿದ್ದುವಂತೆ ಕೇಳುವುದು ಓದಿದವರ ಕರ್ತವ್ಯ.

ಮೊದಲು ಸಂಹಿತೆಯ ಪೂರ್ವೋತ್ತರವನ್ನು ಕೊಂಚ ನೋಡೋಣ. ಬ್ರಿಟಿಷರ ಆಳ್ವಿಕೆಯಲ್ಲಿ ರಚಿತವಾದ ಮೊದಲನೆಯ ಕಾನೂನು ಆಯೋಗಕ್ಕೆ ಮೆಕಾಲೆಯು ಅಧ್ಯಕ್ಷನಾಗಿದ್ದನು. ಆ ಆಯೋಗದ ಕರಡು 1837ರಲ್ಲಿ ಸಿದ್ಧವಾಯಿತು. ಅನಂತರ ಇಪ್ಪತ್ತು ವರ್ಷಗಳಿಗೂ ಮೀರಿ ಅದು ಜಾರಿಗೆ ಬಾರದೆ ಉಳಿದಿತ್ತು. 1857ರ ದಂಗೆಯಾದ ಮೇಲೆ, 1860ರಲ್ಲಿ, ಭಾರತ ದಂಡಸಂಹಿತೆ ಅಂಗೀಕಾರವಾಗಿ 1862ರ ಜನವರಿ 1ರಂದು ಜಾರಿಗೆ ಬಂದಿತು. ಅದರಲ್ಲಿ 23 ಅಧ್ಯಾಯಗಳು, 511 ಕಲಮುಗಳು. ಆಳುವವರಿಗೆ ಬೇಕಾಗಿದ್ದುದು ಮುಖ್ಯವಾಗಿ ತಮ್ಮ ರಾಜ್ಯದ ಭದ್ರತೆ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಅವರು ಬರೆದ ಪುಸ್ತಕದಲ್ಲಿ ಒಂದು ಹೊಸ ಮಾತಿತ್ತು: ಅಪರಾಧಕ್ಕೆ ಶಿಕ್ಷೆ ಅಪರಾಧಿಯ ಜಾತಿಯನ್ನು ನೋಡಿ ನಿರ್ಧಾರವಾಗತಕ್ಕದ್ದಲ್ಲ. ಒಂದೇ ತಪ್ಪಿಗೆ ವರ್ಣಕ್ಕೊಂದು ದಂಡ ವಿಧಿಸುತ್ತಿದ್ದ ಹಳೆಯ ಶಾಸ್ತ್ರಗಳಿಗೆ ಹೋಲಿಸಿದರೆ ಇದು ಸಣ್ಣ ಮಾತಲ್ಲ. ಹಾಗೆಂದು ಆ ಕಾಲದ ನ್ಯಾಯ ನಿಷ್ಪಕ್ಷಪಾತವಾಗಿತ್ತೆಂದೂ ಹೇಳಲಾಗದು. ಬಿಳಿಯರನ್ನು ಭಾರತೀಯ ನ್ಯಾಯಾಧೀಶರು ವಿಚಾರಣೆ ಮಾಡಬಹುದೆಂಬ 1883ರ ಇಲ್ಬರ್ಟ್ ಮಸೂದೆಗೆ ಯೂರೋಪಿಯನ್ನರು ಎಬ್ಬಿಸಿದ ಗದ್ದಲವೇ ಇದಕ್ಕೆ ಸಾಕ್ಷಿ.

ಸ್ವಾತಂತ್ರ್ಯ ಬಂದ ಮೇಲೂ ಅದೇ ಸಂಹಿತೆ ತಿದ್ದುಪಡಿಗಳೊಡನೆ ಮುಂದುವರಿಯಿತು. 2023ರ ಡಿಸೆಂಬರಿನಲ್ಲಿ ಸಂಸತ್ತು ಭಾರತೀಯ ನ್ಯಾಯ ಸಂಹಿತೆಯನ್ನು ಅಂಗೀಕರಿಸಿತು. ಅದು 2024ರ ಜುಲೈ 1ರಂದು ಜಾರಿಗೆ ಬಂದಿತು. 511 ಕಲಮುಗಳು ಹೋಗಿ 358 ಆದುವು. ಹೊಸ ಪುಸ್ತಕದ ಬಹುಭಾಗ ಹಳೆಯದೇ ಆದರೂ ಅಧ್ಯಾಯಗಳ ಅನುಕ್ರಮದಲ್ಲಿ ಆದ ಒಂದು ಬದಲಾವಣೆ ಗಮನಾರ್ಹವಾದುದು. ಹಳೆಯ ಸಂಹಿತೆಯಲ್ಲಿ ರಾಜ್ಯದ ವಿರುದ್ಧದ ಅಪರಾಧಗಳು ಮೊದಲು ಬರುತ್ತಿದ್ದುವು. ಮನುಷ್ಯನ ದೇಹಕ್ಕಾಗುವ ಅನ್ಯಾಯ ಬಹಳ ಹಿಂದೆ, 16ನೆಯ ಅಧ್ಯಾಯದಲ್ಲಿ, ಇತ್ತು. ಹೊಸದರಲ್ಲಿ ಸ್ತ್ರೀಯರ ಮತ್ತು ಮಕ್ಕಳ ವಿರುದ್ಧದ ಅಪರಾಧಗಳು 5ನೆಯ ಅಧ್ಯಾಯ, ಮಾನವದೇಹಕ್ಕೆ ಸಂಬಂಧಿಸಿದುವು 6ನೆಯದು. ರಾಜ್ಯದ ಸರದಿ ಅನಂತರ. ಮನೆಯ ಪಂಕ್ತಿಯಲ್ಲಿ ಯಾರಿಗೆ ಮೊದಲು ಬಡಿಸುತ್ತಾರೆಂಬುದರಿಂದ ಯಜಮಾನನ ಮನಸ್ಸು ತಿಳಿಯುತ್ತದೆ. ಬಡಿಸುವ ಅನುಕ್ರಮ ಬದಲಾಗಿದೆ. ಎಲೆಗೆ ಬೀಳುವ ಅನ್ನದ ಪ್ರಮಾಣವೂ ಬದಲಾಗಿದೆಯೇ ಎಂಬುದು ಮುಂದಿನ ಪ್ರಶ್ನೆ.

ಸಂಹಿತೆಯಲ್ಲಿ ಜನಹಿತಕ್ಕೆ ಸಂಬಂಧಿಸಿದ ಕಲಮುಗಳು ಎಷ್ಟಿವೆಯೆಂಬುದನ್ನು ಓದಿದಾಗ ನಾನು ಬೆರಗಾದೆ. ಸಾರ್ವಜನಿಕ ಆರೋಗ್ಯ, ಸುರಕ್ಷತೆ, ಅನುಕೂಲಗಳಿಗಾಗಿಯೇ ಒಂದು ಪೂರ್ತಿ ಅಧ್ಯಾಯವಿದೆ. ಹೊಸ ಸಂಹಿತೆಯಲ್ಲಿ ಅದು 15ನೆಯದು. ಅಜಾಗ್ರತೆಯಿಂದ ಸಾಂಕ್ರಾಮಿಕ ರೋಗವನ್ನು ಹರಡುವುದು ಅಪರಾಧ. ಮಾರುವ ಆಹಾರದಲ್ಲಿ ಕಲಬೆರಕೆ ಮಾಡುವುದು ಅಪರಾಧ. ಔಷಧಿಯಲ್ಲಿ ಕಲಬೆರಕೆ ಮಾಡುವುದು ಅಪರಾಧ. ಸಾರ್ವಜನಿಕ ಚಿಲುಮೆಯ ಅಥವಾ ಜಲಾಶಯದ ನೀರನ್ನು ಕೆಡಿಸುವುದು, ಗಾಳಿಯನ್ನು ವಿಷಮಯ ಮಾಡುವುದು, ದಾರಿಯಲ್ಲಿ ಅಡ್ಡಿಯೊಡ್ಡುವುದು, ಎಚ್ಚರವಿಲ್ಲದೆ ವಾಹನ ನಡೆಸುವುದು, ಬೀಳುವಂತಿರುವ ಕಟ್ಟಡವನ್ನು ದುರಸ್ತಿ ಮಾಡಿಸದೆ ಬಿಡುವುದು ಇವೆಲ್ಲವೂ ಅಪರಾಧಗಳು. ಇವು ಯಾವುವೂ ನಾವು ಕಥೆಗಳಲ್ಲಿ ಓದುವ ದುಷ್ಟರ ಕೃತ್ಯಗಳಲ್ಲ. ಅಂಗಡಿಯವನು, ಗಿರಣಿಯವನು, ಗಾಡಿ ಹೊಡೆಯುವವನು, ಮನೆಯ ಮಾಲೀಕನು ನಿತ್ಯ ಮಾಡಬಹುದಾದ ತಪ್ಪುಗಳು. ನೆರೆಯವನ ಪ್ರಾಣದ ಬಗ್ಗೆ ನಿನಗೂ ಒಂದು ಹೊಣೆಯಿದೆ ಎಂದು ಈ ಅಧ್ಯಾಯ ಎಲ್ಲರಿಗೂ ಹೇಳುತ್ತದೆ.

ಇತರ ಅಧ್ಯಾಯಗಳಲ್ಲಿಯೂ ಇಂಥ ಏರ್ಪಾಡುಗಳುಂಟು. ಆಮ್ಲ ಎರಚಿ ದೇಹವನ್ನು ವಿಕಾರಗೊಳಿಸಿದವನಿಗೆ 10 ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸವಿದೆ. ಅವನಿಂದ ವಸೂಲಾಗುವ ದಂಡ ನೊಂದವರ ಚಿಕಿತ್ಸೆಗೆ ಸಾಲುವಂತಿರಬೇಕು, ಅವರ ಕೈಗೇ ಸೇರಬೇಕು. ಅಂಥವರಿಗೂ, ಅತ್ಯಾಚಾರಕ್ಕೆ ಗುರಿಯಾದವರಿಗೂ ಉಚಿತವಾಗಿ ಚಿಕಿತ್ಸೆ ನೀಡದೆ ಹಿಂದಕ್ಕೆ ಕಳುಹಿಸಿದ ಆಸ್ಪತ್ರೆಯ ಹೊಣೆಗಾರನು, ಆಸ್ಪತ್ರೆ ಸರ್ಕಾರಿಯಾಗಿರಲಿ ಖಾಸಗಿಯಾಗಿರಲಿ, ಒಂದು ವರ್ಷದವರೆಗೆ ಸೆರೆಗೆ ಹೋಗಬೇಕಾಗುತ್ತದೆ. ಮಕ್ಕಳನ್ನು ಅಪರಾಧ ಕಾರ್ಯಕ್ಕೆ ಬಳಸುವುದೇ ಪ್ರತ್ಯೇಕ ಅಪರಾಧ. ಮದುವೆಯಾದ ಏಳು ವರ್ಷದೊಳಗೆ ವರದಕ್ಷಿಣೆಯ ಹಿಂಸೆಯಿಂದ ಹೆಣ್ಣುಮಗಳು ಅಸಹಜವಾಗಿ ಸತ್ತರೆ ಅದನ್ನು ವರದಕ್ಷಿಣೆ ಸಾವೆಂದೇ ಪರಿಗಣಿಸುವ ಕಲಮು 1986ರಿಂದ ಇದೆ.

ಇಲ್ಲಿ ಒಂದು ತತ್ತ್ವವನ್ನು ತಿಳಿಯಬೇಕು. ಜಮೀನಿನ ಅಥವಾ ಸಾಲದ ವ್ಯಾಜ್ಯವಾದರೆ ಇಬ್ಬರು ಖಾಸಗಿಯವರು ಪರಸ್ಪರ ಹೋರಾಡುತ್ತಾರೆ. ನೊಂದವನೇ ವಕೀಲನನ್ನು ಹಿಡಿಯಬೇಕು, ಅವನೇ ಖರ್ಚು ಭರಿಸಬೇಕು, ಅವನೇ ವರ್ಷಗಟ್ಟಲೆ ಅಲೆಯಬೇಕು. 'ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆ ಹುಟ್ಟಿದುದು ಇದರಿಂದಲೇ. ದಂಡಸಂಹಿತೆಯ ಮಾತೇ ಬೇರೆ. ಅದರ ಪ್ರಕಾರ ಅಪರಾಧವು ಒಬ್ಬ ವ್ಯಕ್ತಿಗೆ ಮಾತ್ರ ಆದ ಅನ್ಯಾಯವಲ್ಲ, ಇಡೀ ಸಮಾಜಕ್ಕೆ ಆದ ಅನ್ಯಾಯ. ಆದುದರಿಂದ ರಾಜ್ಯವೇ ವಾದಿಯಾಗುತ್ತದೆ. ರಾಜ್ಯವೇ ತನಿಖೆ ಮಾಡಿಸುತ್ತದೆ. ರಾಜ್ಯದ ವಕೀಲನೇ ವಾದಿಸುತ್ತಾನೆ. ಕಾಸಿಲ್ಲದವನ ಪಕ್ಕದಲ್ಲಿ ರಾಜ್ಯ ಬಂದು ನಿಲ್ಲುತ್ತದೆ. ಪಿಂಚಣಿ, ಪಡಿತರಗಳು ಹೇಗೆ ಜನಕಲ್ಯಾಣದ ಸಾಧನಗಳೋ ಇದೂ ಹಾಗೆಯೇ ಒಂದು ಸಾಧನವೆಂಬುದು ನನ್ನ ಅಭಿಪ್ರಾಯ.

ಇದು ಪುಸ್ತಕದ ಮಾತಾಯಿತು. ಇನ್ನು ನಮ್ಮೂರಿನ ಸಂಗತಿ.

ನಮ್ಮೂರಿನ ಕೆರೆಗೆ ಮಳೆಯ ನೀರು ಬರುವ ಕಾಲುವೆಯ ಮೇಲ್ಭಾಗದಲ್ಲಿ ಒಂದು ಅಕ್ಕಿಗಿರಣಿಯಿದೆ. ಬತ್ತವನ್ನು ನೆನೆಹಾಕಿ ಬೇಯಿಸಿದ ನೀರನ್ನು ಅವರು ಕಾಲುವೆಗೇ ಬಿಡುತ್ತಿದ್ದರು. ನಾನು ಪಿ.ಯು.ಸಿ. ಓದುತ್ತಿದ್ದ ವರ್ಷದ ಬೇಸಗೆಯಲ್ಲಿ ಕೆರೆಯ ನೀರು ಕಪ್ಪಾಯಿತು. ಮೀನುಗಳು ಸತ್ತು ತೇಲಿದುವು. ಕೆರೆಯ ಅಂಚಿನ ಸಿಹಿನೀರಿನ ಬಾವಿಯಲ್ಲಿಯೂ ವಾಸನೆ ಕಾಣಿಸಿತು. ದನಗಳು ಮೂಸಿ ನೋಡಿ ಹಿಂದೆ ಸರಿಯುತ್ತಿದ್ದುವು. ನನ್ನ ತಾಯಿ ಮತ್ತು ಕೇರಿಯ ಹೆಂಗಸರು ಒಂದು ಮೈಲಿ ದೂರದ ತೋಟದ ಕೊಳವೆಬಾವಿಯಿಂದ ಕೊಡ ಹೊತ್ತು ತರತೊಡಗಿದರು. ಊರಿನ ಇಬ್ಬರು ಹಿರಿಯರೊಡನೆ ನಾನೂ ಪೋಲೀಸ್ ಠಾಣೆಗೆ ಹೋದೆ. "ಏನಾದರೂ ಕಳವಾಗಿದೆಯೇ? ಹೊಡೆದಾಟವಾಗಿದೆಯೇ? ಇಲ್ಲವೆಂದರೆ ಪಂಚಾಯಿತಿಗೆ ಹೋಗಿ" ಎಂದರು. ಪಂಚಾಯಿತಿಯವರು, ಇದು ಜಿಲ್ಲಾ ಕೇಂದ್ರದಲ್ಲಿರುವ ಕಚೇರಿಗೆ ಸೇರಿದ ವಿಷಯವೆಂದರು. ಜಿಲ್ಲಾ ಕೇಂದ್ರಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ.

ಇದರ ನಡುವೆ ಇನ್ನೊಂದು ಇಕ್ಕಟ್ಟಿತ್ತು. ನಮ್ಮ ತಂದೆ ಅದೇ ಗಿರಣಿಯಲ್ಲಿ ಮೂಟೆ ಹೊರುವ ಹಮಾಲಿ. ಠಾಣೆಗೆ ನಾನು ಹೋದ ಸುದ್ದಿ ಗಿರಣಿಗೆ ತಲಪಿತು. ಮುಂದಿನ ವಾರದಿಂದ ಕೆಲಸಕ್ಕೆ ಬರಬೇಡವೆಂದು ಅವರಿಗೆ ಹೇಳಿ ಕಳುಹಿಸಿದರು. ಆ ರಾತ್ರಿ ತಂದೆ ನನ್ನನ್ನು ಗದರಿಸಲಿಲ್ಲ. "ಕಾನೂನು ಇರೋದು ಇದ್ದೋರಿಗೆ ಕಣಪ್ಪ, ನಮಗಲ್ಲ" ಎಂದಷ್ಟೇ ಅಂದು ಮಗ್ಗುಲಾದರು. ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದುದು ಎರಡನೆಯ ಬಿ.ಎ. ತರಗತಿಯಲ್ಲಿ. ನೀರನ್ನು ಕೆಡಿಸುವುದು 1862ರಿಂದಲೂ ಅಪರಾಧವಾಗಿತ್ತು. ಹಳೆಯ ಸಂಹಿತೆಯಲ್ಲಿ 277ನೆಯ ಕಲಮು, ಹೊಸದರಲ್ಲಿ 279ನೆಯದು. ಆ ನೀರು ಸಾಮಾನ್ಯವಾಗಿ ಯಾವ ಕೆಲಸಕ್ಕೆ ಬಳಕೆಯಾಗುತ್ತದೆಯೋ ಆ ಕೆಲಸಕ್ಕೆ ಅದರ ಯೋಗ್ಯತೆ ಕುಗ್ಗುವಂತೆ ಬೇಕೆಂದೇ ಕೆಡಿಸಿದರೆ ಸಾಕು, ಅಪರಾಧವಾಯಿತು. ಯಾರಾದರೂ ಸಾಯಬೇಕಾಗಿಲ್ಲ, ಕಾಯಿಲೆ ಬೀಳಬೇಕಾಗಿಲ್ಲ. ಮ್ಯಾಜಿಸ್ಟ್ರೇಟರ ಆಜ್ಞೆಗೆ ಕಾಯದೆ ಪೋಲೀಸರೇ ಕ್ರಮ ಕೈಗೊಳ್ಳಬಹುದಾದ ಅಪರಾಧವದು. ಎಂದರೆ, ಅಂದು ಠಾಣೆಯಲ್ಲಿ ನಮಗೆ ಹೇಳಿದ ಮಾತು ತಪ್ಪು. ನಮ್ಮ ಹಕ್ಕು ಆ ಮೇಜಿನ ಮೇಲಿನ ಪುಸ್ತಕದಲ್ಲಿಯೇ ಇತ್ತು. ಅದನ್ನು ಓದಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ನೂರ ಅರವತ್ತು ವರ್ಷಗಳ ಕಾಲ ಜಾರಿಯಲ್ಲಿದ್ದ ಒಂದು ಕಲಮು ಠಾಣೆಯವರಿಗೇ ನೆನಪಿಗೆ ಬಾರದಷ್ಟು ಮೂಲೆಗೆ ಸೇರಿದುದೇಕೆ? ನನ್ನ ಎಣಿಕೆಯಲ್ಲಿ, ಸಂಹಿತೆಯೇ ಅದಕ್ಕೆ ಕೊಟ್ಟಿರುವ ತೂಕ ಬಹಳ ಕಡಮೆ. ಹಳೆಯ ಸಂಹಿತೆಯಲ್ಲಿ ಊರ ನೀರನ್ನು ಕೆಡಿಸಿದವನಿಗೆ ಹೆಚ್ಚೆಂದರೆ 3 ತಿಂಗಳ ಸೆರೆ, ಇಲ್ಲವೆ 500 ರೂಪಾಯಿ ಜುಲ್ಮಾನೆ, ಇಲ್ಲವೆ ಎರಡೂ. ಹೊಸದರಲ್ಲಿ ಅದು 6 ತಿಂಗಳು ಮತ್ತು 5,000 ರೂಪಾಯಿಗೆ ಏರಿದೆ. ಗಾಳಿಯನ್ನು ಕೆಡಿಸಿದವನಿಗೆ ಜುಲ್ಮಾನೆ ಮಾತ್ರ, ಅದೂ 1,000 ರೂಪಾಯಿಯವರೆಗೆ. ಆಹಾರದ ಕಲಬೆರಕೆಗೆ 6 ತಿಂಗಳು. ಸಂಹಿತೆಯಂತೆ ಆ ಅಪರಾಧದಲ್ಲಿ ಪೋಲೀಸರು ತಾವಾಗಿಯೇ ತನಿಖೆ ಆರಂಭಿಸುವಂತೆಯೂ ಇಲ್ಲ.

ಇದರ ಪಕ್ಕದಲ್ಲಿ ಕಳವಿನ ಕಲಮುಗಳನ್ನಿಟ್ಟು ನೋಡಿ. ಸಾಮಾನ್ಯ ಕಳವಿಗೆ 3 ವರ್ಷದವರೆಗೆ ಸೆರೆ. ವಾಸದ ಮನೆಯಲ್ಲಿ ಕದ್ದರೆ 7 ವರ್ಷದವರೆಗೆ. ಆಳು ತನ್ನ ಯಜಮಾನನ ಸ್ವತ್ತನ್ನು ಕದ್ದರೆ, 306ನೆಯ ಕಲಮಿನಂತೆ, ಆಗಲೂ 7 ವರ್ಷದವರೆಗೆ. ಅದೇ ಯಜಮಾನನು ಒಬ್ಬನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಬಲಾತ್ಕಾರದಿಂದ ದುಡಿಸಿಕೊಂಡರೆ 146ನೆಯ ಕಲಮಿನಲ್ಲಿ 1 ವರ್ಷದವರೆಗೆ ಮಾತ್ರ. ಮೂಟೆ ಹೊರುವ ಹಮಾಲಿ ಗಿರಣಿಯಿಂದ ನಾಲ್ಕು ಸೇರು ಅಕ್ಕಿ ಕದ್ದನೆನ್ನೋಣ. ಕಾನೂನಿನ ಕಣ್ಣಿಗೆ ಅವನ ತಪ್ಪು, ಒಂದು ಊರಿನ ಕೆರೆಯನ್ನೇ ಹಾಳುಮಾಡಿದ ಗಿರಣಿಯ ತಪ್ಪಿಗಿಂತ ಹದಿನಾಲ್ಕು ಪಟ್ಟು ದೊಡ್ಡದು! ಕಳವು ಸಣ್ಣ ಅಪರಾಧವೆಂದು ನಾನು ಹೇಳುತ್ತಿಲ್ಲ. ಬಡವನ ಮನೆಯ ಒಂದು ಆಡು ಕಳವಾದರೆ ಆ ಮನೆಯ ವರ್ಷದ ಲೆಕ್ಕವೇ ತಪ್ಪುತ್ತದೆಂಬುದನ್ನು ಬಲ್ಲೆ. ಆದರೆ ಒಬ್ಬನ ಸ್ವತ್ತಿಗೆ ಇರುವ ಕಾವಲು ಎಲ್ಲರ ಸ್ವತ್ತಿಗೆ ಏಕಿಲ್ಲ? 1860ರಲ್ಲಿ ಆಸ್ತಿವಂತರ ದೃಷ್ಟಿಯಿಂದ ಕಟ್ಟಿದ ಬೊಟ್ಟುಗಳೇ ಇಂದಿಗೂ ನಮ್ಮ ತಕ್ಕಡಿಯಲ್ಲಿವೆ.

ತೂಕದ ಈ ತಪ್ಪಿನಿಂದ ಆಗುವ ಅನರ್ಥಕ್ಕೆ ಭೋಪಾಲವೇ ದೊಡ್ಡ ನಿದರ್ಶನ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಬದುಕಿ ಉಳಿದವರಲ್ಲಿ ಅಸಂಖ್ಯಾತರು ಕಣ್ಣು, ಶ್ವಾಸಕೋಶಗಳನ್ನು ಕಳೆದುಕೊಂಡರು. ಭಾರತೀಯ ಅಧಿಕಾರಿಗಳ ಮೇಲೆ ಮೊದಲು ಹೊರಿಸಿದ್ದುದು 10 ವರ್ಷದವರೆಗೆ ಶಿಕ್ಷೆಯಾಗಬಹುದಾದ ಗಂಭೀರ ಆಪಾದನೆ. 1996ರಲ್ಲಿ ಸುಪ್ರೀಂ ಕೋರ್ಟು ಅದನ್ನು 304-ಎ ಕಲಮಿಗೆ, ಎಂದರೆ ನಿರ್ಲಕ್ಷ್ಯದಿಂದಾದ ಸಾವಿಗೆ, ಇಳಿಸಿತು. ಆ ಕಲಮಿನಲ್ಲಿ ಗರಿಷ್ಠ ಶಿಕ್ಷೆ 2 ವರ್ಷ. 2010ರ ಜೂನ್ 7ರಂದು, ದುರಂತವಾಗಿ ಇಪ್ಪತ್ತೈದು ವರ್ಷ ಕಳೆದ ಮೇಲೆ, ಏಳು ಮಂದಿಗೆ ತಲಾ 2 ವರ್ಷದ ಶಿಕ್ಷೆಯಾಯಿತು. ನ್ಯಾಯಾಧೀಶರು ಪುಸ್ತಕದಲ್ಲಿದ್ದಷ್ಟನ್ನು ಕೊಟ್ಟರು. ಪುಸ್ತಕದಲ್ಲಿ ಅಷ್ಟೇ ಇತ್ತು. ದಾರಿಯಲ್ಲಿ ಗಾಡಿ ಹಾಯಿಸಿ ಒಬ್ಬನ ಸಾವಿಗೆ ಕಾರಣನಾದವನಿಗೂ, ಒಂದು ನಗರಕ್ಕೆ ವಿಷವುಣಿಸಿದವರಿಗೂ ಒಂದೇ ಕಲಮು! ಹೊಸ ಸಂಹಿತೆಯ 106ನೆಯ ಕಲಮು ಈ ಶಿಕ್ಷೆಯನ್ನು 5 ವರ್ಷಕ್ಕೆ ಏರಿಸಿದೆ. ವೈದ್ಯರ ವಿಷಯದಲ್ಲಿ ಮಾತ್ರ 2 ವರ್ಷ ಉಳಿಸಿಕೊಂಡಿದೆ. ಇದು ಸ್ವಾಗತಾರ್ಹ. ಆದರೆ ಒಬ್ಬನ ಸಾವಿಗೂ ಸಹಸ್ರ ಸಾವಿಗೂ ಭೇದವೆಣಿಸುವ ಏರ್ಪಾಡು ಆ ಕಲಮಿನಲ್ಲಿ ಇನ್ನೂ ಬಂದಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. "ದಂಡಸಂಹಿತೆ ಸಾಮಾನ್ಯ ಕಾನೂನು. ಜನಾರೋಗ್ಯಕ್ಕೆಂದೇ ವಿಶೇಷ ಕಾಯಿದೆಗಳಿವೆಯಲ್ಲ?" ಎಂದು ನಮ್ಮ ಅಧ್ಯಾಪಕರೊಬ್ಬರು ಚರ್ಚಾಕೂಟದಲ್ಲಿ ನನ್ನನ್ನು ಕೇಳಿದರು. ಮಾತು ನಿಜ. 1974ರ ಜಲಮಾಲಿನ್ಯ ಕಾಯಿದೆಯಿದೆ. 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ, ಕೆಟ್ಟ ಆಹಾರದಿಂದ ಸಾವು ಸಂಭವಿಸಿದರೆ ಜೀವಾವಧಿಯವರೆಗೂ ಶಿಕ್ಷೆಯಿದೆ. ಅದು ಅನ್ವಯಿಸುವ ಕಡೆ ದಂಡಸಂಹಿತೆಯ ಕಲಬೆರಕೆಯ ಕಲಮುಗಳಿಗಿಂತ ಅದೇ ಮೇಲೆಂದು ಸುಪ್ರೀಂ ಕೋರ್ಟು 2024ರಲ್ಲಿ ತೀರ್ಮಾನಿಸಿದೆ. ಬಲಾತ್ಕಾರದ ದುಡಿತಕ್ಕೆ 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯಲ್ಲಿ 3 ವರ್ಷದವರೆಗೆ ಶಿಕ್ಷೆಯುಂಟು.

ಈ ಆಕ್ಷೇಪಣೆಗೆ ನನ್ನ ಸಮಾಧಾನ ಹೀಗಿದೆ. ವಿಶೇಷ ಕಾಯಿದೆಗೆ ವಿಶೇಷ ಅಧಿಕಾರಿ, ವಿಶೇಷ ಕಚೇರಿ. ಅದು ಜಿಲ್ಲಾ ಕೇಂದ್ರದಲ್ಲಿರುತ್ತದೆ. ದಂಡಸಂಹಿತೆಯನ್ನು ನಡೆಸುವ ಠಾಣೆ ಹೋಬಳಿಯಲ್ಲಿರುತ್ತದೆ. ಕೂಲಿಯವನ ಕಾಲು ತಲಪುವುದು ಎಲ್ಲಿಗೆ? ಅಲ್ಲದೆ ವಿಶೇಷ ಕಾಯಿದೆಗಳು ಕಾಲಕ್ಕೆ ತಕ್ಕಂತೆ ಬಿಗಿಯಾಗುತ್ತವೆ, ಸಡಿಲವಾಗುತ್ತವೆ. 2024ರ ತಿದ್ದುಪಡಿಯು ಜಲ ಕಾಯಿದೆಯ ಹಲವು ತಪ್ಪುಗಳಿಗೆ ಸೆರೆಯನ್ನು ತೆಗೆದುಹಾಕಿ ಹಣದ ದಂಡವನ್ನು ಇಟ್ಟಿತು. ಅದನ್ನು ಒಪ್ಪಿಕೊಂಡ ರಾಜ್ಯಗಳಲ್ಲಿ ಅದು ನಡೆಯುತ್ತದೆ. ಆಗ ನಮಗೆ ಉಳಿಯುವ ಕೊನೆಯ ಗೋಡೆ ದಂಡಸಂಹಿತೆಯೇ.

ತೂಕವನ್ನು ತಿದ್ದಲು ಸಾಧ್ಯವೆಂಬುದಕ್ಕೂ ನಮ್ಮ ಕಾನೂನಿನಲ್ಲಿಯೇ ಉದಾಹರಣೆಯಿದೆ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಮಹಾಡಿನ ಚವದಾರ್ ಕೆರೆಯ ನೀರನ್ನು ಸಾವಿರಾರು ಜನರೊಡನೆ ಬೊಗಸೆಯಲ್ಲಿ ತೆಗೆದು ಕುಡಿದರು. ನೀರಿನ ಮೇಲೆ ಎಲ್ಲರಿಗೂ ಇರುವ ಹಕ್ಕನ್ನು ಲೋಕಕ್ಕೆ ತೋರಿದರು. ಸ್ವತಂತ್ರ ಭಾರತದ ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿತು. 1955ರಲ್ಲಿ ಅದರ ಆಚರಣೆಗೆ ಶಿಕ್ಷೆ ವಿಧಿಸುವ ಕಾಯಿದೆ ಬಂತು. 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ದಲಿತರು ಮತ್ತು ಆದಿವಾಸಿಗಳು ಬಳಸುವ ನೀರನ್ನು ಕೆಡಿಸುವುದನ್ನು ಪ್ರತ್ಯೇಕ ಅಪರಾಧವನ್ನಾಗಿ ಮಾಡಿದರು. ಕಲಮಿನ ಮಾತುಗಳು ಹೆಚ್ಚುಕಡಮೆ ದಂಡಸಂಹಿತೆಯ 277ರ ಮಾತುಗಳೇ. ಆದರೆ ಶಿಕ್ಷೆ 6 ತಿಂಗಳಿಗೆ ಕಡಮೆಯಿಲ್ಲದಂತೆ 5 ವರ್ಷದವರೆಗೆ. ಒಂದೇ ವಾಕ್ಯ, ಬೇರೆ ತೂಕ! ನೋವಿನ ಆಳವನ್ನು ಶಾಸನಕರ್ತರು ಅರಿತಾಗ ತೂಕ ತಾನಾಗಿಯೇ ಬದಲಾಗುತ್ತದೆ. ಇದರ ಅಗತ್ಯ ತೀರಿಲ್ಲವೆಂಬುದಕ್ಕೆ ಇತ್ತೀಚಿನ ಸಂಗತಿಗಳೇ ಸಾಕ್ಷಿ. 2022ರ ಡಿಸೆಂಬರಿನಲ್ಲಿ ತಮಿಳುನಾಡಿನ ವೇಂಗೈವಯಲ್ ಎಂಬಲ್ಲಿ ದಲಿತರು ಕುಡಿಯುವ ನೀರಿನ ತೊಟ್ಟಿಯಲ್ಲಿ ಮಲ ಕಂಡುಬಂದಿತು. 2025ರ ಜುಲೈಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ತೊಟ್ಟಿಯ ನೀರು ಕುಡಿದು ಮಕ್ಕಳು ಅಸ್ವಸ್ಥರಾದರು. ನೀರಿಗೆ ವಿಷ ಬೆರೆಸಿದರೆಂಬ ಆಪಾದನೆಯ ಮೇಲೆ ಬಂಧನಗಳಾದುವು.

ಹಾಗಾದರೆ ಎಲ್ಲ ತಪ್ಪಿಗೂ ಸೆರೆಮನೆಯೇ ಮದ್ದೆ? ಅಲ್ಲ. ಇಲ್ಲಿ ಎಚ್ಚರ ತಪ್ಪಬಾರದು. ಸಮಾಜರಕ್ಷಣೆಯ ಹೆಸರಿನಲ್ಲಿ ದಂಡವನ್ನು ಕುರುಡಾಗಿ ಬೀಸಿದರೆ ಏನಾಗುತ್ತದೆಂಬುದನ್ನು ಚರಿತ್ರೆ ತೋರಿಸಿದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯು ಅಲೆಮಾರಿಗಳಾದ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು. ತೊಟ್ಟಿಲಿನ ಕೂಸಿಗೂ ಕಳ್ಳನೆಂಬ ಹಣೆಪಟ್ಟಿ! 1952ರಲ್ಲಿ ಆ ಕಾಯಿದೆ ರದ್ದಾಯಿತು. ಹಣೆಪಟ್ಟಿಯ ಕಲೆ ಅಷ್ಟು ಸುಲಭವಾಗಿ ಹೋಗಲಿಲ್ಲ. ಇನ್ನೊಂದು ಉದಾಹರಣೆ: ಹಳೆಯ ಸಂಹಿತೆಯ 309ನೆಯ ಕಲಮು ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದವನನ್ನು ಅಪರಾಧಿಯೆನ್ನುತ್ತಿತ್ತು. ಸಾಲಕ್ಕೆ ಬೆಂದು ವಿಷ ಕುಡಿದ ರೈತ ಆಸ್ಪತ್ರೆಯಿಂದ ಎದ್ದರೆ ಎದುರಿಗೆ ಮೊಕದ್ದಮೆ! 2017ರ ಮಾನಸಿಕ ಆರೋಗ್ಯ ಕಾಯಿದೆಯು ಅಂಥವನನ್ನು ಶಿಕ್ಷಿಸದೆ ಆರೈಕೆ ಮಾಡುವುದು ಸರ್ಕಾರದ ಕರ್ತವ್ಯವೆಂದಿತು. ಹೊಸ ಸಂಹಿತೆಯಲ್ಲಿ ಆ ಕಲಮು ಇಲ್ಲ. ಇಲ್ಲಿ ಜನಹಿತವಾದುದು ಒಂದು ಕಲಮನ್ನು ತೆಗೆದುಹಾಕಿದುದರಿಂದ.

ದಂಡಸಂಹಿತೆಯೆಂಬುದು ಹೊಲದ ಬೇಲಿಯಿದ್ದಂತೆ. ಬೇಲಿಯೇ ಬೆಳೆಯಲ್ಲ. ಶಾಲೆ, ಆಸ್ಪತ್ರೆ, ಕೂಲಿ, ಕುಡಿಯುವ ನೀರು ಇವು ಬೆಳೆ. ಬೆಳೆಯಿಲ್ಲದ ಹೊಲಕ್ಕೆ ಮುಳ್ಳುಬೇಲಿ ಕಟ್ಟಿ ಪ್ರಯೋಜನವಿಲ್ಲ. ಆದರೆ ಬೇಲಿಯಿಲ್ಲದ ಹೊಲದ ಬೆಳೆಯೂ ಮನೆಗೆ ಬರುವುದಿಲ್ಲ.

ಆದುದರಿಂದ ನನ್ನ ಸಲಹೆ ಕ್ರೂರಶಿಕ್ಷೆಯದಲ್ಲ. ಶಿಕ್ಷೆಯ ಕಾಠಿಣ್ಯಕ್ಕಿಂತ ಅದು ತಪ್ಪದೆ ಆಗುತ್ತದೆಂಬ ಖಾತರಿಯೇ ಅಪರಾಧವನ್ನು ತಡೆಯುತ್ತದೆಂದು ಇಟಲಿಯ ಬೆಕ್ಕಾರಿಯಾ 1764ರಷ್ಟು ಹಿಂದೆಯೇ ವಾದಿಸಿದನು. ಹೊಸ ಸಂಹಿತೆಯು ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯನ್ನು ತಂದಿದೆ. ಅಪರಾಧಿಯು ಸಂಬಳವಿಲ್ಲದೆ ಜನರಿಗೆ ಉಪಯೋಗವಾಗುವ ಕೆಲಸ ಮಾಡಬೇಕು. 5,000 ರೂಪಾಯಿಗಿಂತ ಕಡಮೆ ಬೆಲೆಯ ವಸ್ತುವನ್ನು ಮೊದಲ ಬಾರಿ ಕದ್ದು ಹಿಂದಿರುಗಿಸಿದವನು, ಕುಡಿದು ಬೀದಿಯಲ್ಲಿ ರಂಪ ಮಾಡಿದವನು, ಮಾನನಷ್ಟ ಮಾಡಿದವನು ಮೊದಲಾದ ಆರು ಬಗೆಯ ಅಪರಾಧಿಗಳಿಗೆ ಇದು ಅನ್ವಯಿಸುತ್ತದೆ. ಒಳ್ಳೆಯ ಆಲೋಚನೆ. ಆದರೆ ಈ ಆರರಲ್ಲಿ ನೀರನ್ನು ಕೆಡಿಸಿದವನಿಲ್ಲ, ಗಾಳಿಯನ್ನು ಕೆಡಿಸಿದವನಿಲ್ಲ, ಸಾರ್ವಜನಿಕ ದಾರಿಗೆ ಅಡ್ಡಹಾಕಿದವನಿಲ್ಲ. ಸಮುದಾಯ ಸೇವೆಯ ಶಿಕ್ಷೆ ಯಾರಿಗಾದರೂ ಒಪ್ಪುವುದಾದರೆ ಸಮುದಾಯದ ಸ್ವತ್ತನ್ನು ಕೆಡಿಸಿದವನಿಗಲ್ಲವೆ? ಕೆರೆ ಕೆಡಿಸಿದವನು ಕೆರೆಯ ಹೂಳೆತ್ತಲಿ. ಅದು ತಿಳಿಯಾಗುವವರೆಗೆ ಊರಿಗೆ ನೀರು ಒದಗಿಸಲಿ. ಲಾಭಕ್ಕೆ ತಕ್ಕಂತೆ ಜುಲ್ಮಾನೆ ತೆರಲಿ. 5,000 ರೂಪಾಯಿ ಹಮಾಲಿಗೆ ದಂಡ; ಗಿರಣಿಯವನಿಗೆ ಅದು ಬರಿಯ ಸುಂಕ.

ಕಾನೂನು ಮನಸ್ಸು ಮಾಡಿದರೆ ಅಧಿಕಾರದಲ್ಲಿರುವವರನ್ನೂ ಎಬ್ಬಿಸಬಲ್ಲುದೆಂಬುದಕ್ಕೆ ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಮೊಕದ್ದಮೆ ನಿದರ್ಶನ. ಅಲ್ಲಿನ ಒಂದು ಬಡಾವಣೆಯ ಜನ ತೆರೆದ ಚರಂಡಿಯ ದುರ್ನಾತದಿಂದ ಬೇಸತ್ತು, ಸಾರ್ವಜನಿಕ ಉಪದ್ರವವನ್ನು ತೆಗೆಸುವ ಅಧಿಕಾರವುಳ್ಳ ಮ್ಯಾಜಿಸ್ಟ್ರೇಟರಿಗೆ ದೂರು ಕೊಟ್ಟರು. ಪುರಸಭೆಯವರು ಹಣವಿಲ್ಲವೆಂದು ಕೈಯಾಡಿಸಿದರು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ನೆಪವನ್ನು ಒಪ್ಪಲಿಲ್ಲ; ಜನರ ಆರೋಗ್ಯದ ಹೊಣೆಯಿಂದ ಪುರಸಭೆಯು ಬಡತನ ಹೇಳಿಕೊಂಡು ತಪ್ಪಿಸಿಕೊಳ್ಳಲಾಗದೆಂದರು. ಅಂದು ಬಳಕೆಯಾದುದು ಹಳೆಯ ದಂಡಪ್ರಕ್ರಿಯಾ ಸಂಹಿತೆಯ 133ನೆಯ ಕಲಮು. ಇಂದು ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಾಗಿದೆ.

ನಾನೂ ಈ ಕಲಮನ್ನೇ ಹಿಡಿದೆ. ಕೇರಿಯ ಮೂವತ್ತೊಂದು ಮಂದಿಯ ಸಹಿ, ಹೆಬ್ಬೆಟ್ಟುಗಳನ್ನು ಹಾಕಿಸಿ ತಾಲ್ಲೂಕು ಮ್ಯಾಜಿಸ್ಟ್ರೇಟರೂ ಆದ ತಹಸೀಲ್ದಾರರಿಗೆ ಅರ್ಜಿ ಬರೆದೆ. ಏಳು ತಿಂಗಳು ಹಿಡಿಯಿತು. ಕೊನೆಗೆ ಆಜ್ಞೆಯಾಯಿತು, ಗಿರಣಿಯ ನೀರು ಈಗ ಅವರ ಜಮೀನಿನಲ್ಲಿಯೇ ತೋಡಿದ ಗುಂಡಿಗೆ ಹೋಗುತ್ತಿದೆ. ದನಗಳು ಮತ್ತೆ ಕೆರೆಗಿಳಿಯುತ್ತಿವೆ. ಬಾವಿಯ ನೀರು ಮಾತ್ರ ಇನ್ನೂ ಕುಡಿಯುವಂತಾಗಿಲ್ಲ. ನನ್ನ ತಾಯಿ ಇಂದಿಗೂ ತೋಟದ ಕೊಳವೆಬಾವಿಗೇ ಹೋಗುತ್ತಾರೆ. ತಂದೆ ಈಗ ಪೇಟೆಯ ಮಂಡಿಯಲ್ಲಿ ಮೂಟೆ ಹೊರುತ್ತಾರೆ. ಅವರು ಕಳೆದುಕೊಂಡ ಕೂಲಿಯನ್ನು ಯಾರೂ ಕಟ್ಟಿಕೊಡಲಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ. ಇದನ್ನು ಗೆಲವೆನ್ನಬೇಕೋ ಬೇಡವೋ ನಾನರಿಯೆ. ಆದರೆ ಅರ್ಜಿಗೆ ಸಹಿ ಹಾಕಿಸುವ ದಿನ ಮೊದಲನೆಯ ಹೆಬ್ಬೆಟ್ಟನ್ನು ಒತ್ತಿದವರು ನಮ್ಮ ತಂದೆಯೇ.

ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ. ನಮ್ಮಲ್ಲಿ ಅನೇಕರು ತಮ್ಮ ಮನೆಯ ಮೊದಲ ಪದವೀಧರರಾಗಲಿದ್ದೇವೆ. ಪದವಿಯ ಕಾಗದವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಮೊದಲು ಕೆಲವು ಸಂಗತಿಗಳನ್ನು ನಮ್ಮ ಕೇರಿಯವರಿಗೆ ತಿಳಿಸೋಣ. ಅಪರಾಧದ ದೂರನ್ನು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. ಬರೆದುಕೊಂಡ ವರದಿಯ ಪ್ರತಿಯನ್ನು ಪುಕ್ಕಟೆಯಾಗಿ ಕೊಡತಕ್ಕದ್ದು. ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ ಅಂಚೆಯ ಮೂಲಕ ಪೋಲೀಸ್ ಸೂಪರಿಂಟೆಂಡೆಂಟರಿಗೆ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಬರೆದುಕೊಳ್ಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರು, ವರಮಾನ ಕಡಮೆಯಿರುವವರು ಉಚಿತ ವಕೀಲರ ನೆರವಿಗೆ ಹಕ್ಕುದಾರರು. ಇಷ್ಟನ್ನು ತಿಳಿದ ಒಬ್ಬನು ಊರಿಗೊಬ್ಬನಿದ್ದರೆ ಸಾಕು, "ಪಂಚಾಯಿತಿಗೆ ಹೋಗಿ" ಎಂದು ಕೈಯಾಡಿಸುವುದು ಕಷ್ಟವಾಗುತ್ತದೆ.

ಶಾಸನಕರ್ತರಲ್ಲಿಯೂ ಒಂದು ಬಿನ್ನಹ. ಅಧ್ಯಾಯಗಳ ಅನುಕ್ರಮವನ್ನು ಬದಲಾಯಿಸಿದಿರಿ, ಸಂತೋಷ. ಬೊಟ್ಟುಗಳನ್ನೂ ಬದಲಾಯಿಸಿರಿ. ಒಂದು ಮನೆಯ ಪೆಟ್ಟಿಗೆಗೆ ಇರುವ ಬೆಲೆಯಾದರೂ ಒಂದು ಊರಿನ ಬಾವಿಗೆ ಇರಲಿ. ಅಂದು ನಮ್ಮ ತಂದೆ ಆಡಿದ ಮಾತು ಸುಳ್ಳೆಂದು ಅವರಿಗೆ ನಾನು ಇನ್ನೂ ಪೂರ್ತಿಯಾಗಿ ಹೇಳಲಾರೆ. ಹೇಳುವಂತಾಗಲಿ ಎಂಬುದೇ ಈ ಬರಹದ ಉದ್ದೇಶ.